ನಳಕ್ಕೆ ಡೈ ಬಿಡುವ ಕೋಣೆ

ಎಪ್ಪತ್ತರ ದಶಕದ ಮಾತು. ಕೊಳ್ಳೇಗಾಲದಲ್ಲಿ ಒಬ್ಬ ಡಾಕ್ಟರಮ್ಮನ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸಾಗಿದ್ದೆ. ಮಕ್ಕಳಾಗದ ಹೆಂಗಸರ ಗರ್ಭಕೋಶಕ್ಕೆ ಡೈ ಅನ್ನೋ ಔಷಧ ಬಿಟ್ಟು, ಅದು ಎರಡೂ ಕಡೆಯ ನಳಗಳಲ್ಲಿ ಹರಿಯುತ್ತದೋ ಇಲ್ಲವೋ ಅಂತ ಎಕ್ಸ್‌ರೇ ತೆಗೆದು ನೋಡುತ್ತಿದ್ದೆವು. ಬರುವವರೆಲ್ಲ ಅಳುಮುಖದಲ್ಲೇ ಬರುತ್ತಿದ್ದರು. ಆದರೂ ವಾರಕ್ಕೊಂದು ಸಲವಾದರೂ ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡುವಂಥದ್ದು ಏನಾದರೂ ನಡೆದೇ ನಡೆಯುತ್ತಿತ್ತು.

ಕೆಮ್ಮು

ಊರಿನ ರೇಷ್ಮೆ ಮಗ್ಗದವನೊಬ್ಬ ಹೆಂಡತಿಯನ್ನು ಕರೆತಂದಿದ್ದ. "ಮುಟ್ಟಾಗಿ ಹತ್ತು ದಿನದೊಳಗೆ ಬನ್ನಿ" ಅಂತ ನಾನು ಹೇಳಿದ್ದಕ್ಕೆ ಸರಿಯಾಗಿ ಎಣಿಸಿಕೊಂಡೇ ಬಂದಿದ್ದರು. ನಾನು ಆಗ ಒಂದು ಹೆರಿಗೆಗೆ ನಿಂತಿದ್ದೆ. ಎಕ್ಸ್‌ರೇ ತೆಗೆಯುವವರು ಬಾಗಿಲಲ್ಲೇ "ಏನು ತೊಂದರೆ?" ಅಂತ ಗಟ್ಟಿಯಾಗಿ ಕೇಳಿದ್ದಾರೆ. ಬೆಂಚಿನ ಮೇಲೆ ಇವನ ಸೋದರಮಾವನೇ ಕೂತಿದ್ದಾನೆ! ಇವನು ನಾಚಿಕೆಗೆ "ಅದೇ ಸಾ..." ಅಂತ ಕೆಮ್ಮಿದ.

"ಕೆಮ್ಮಾ? ನಿನಗೋ, ಅವಳಿಗೋ?"

"ಅವ್ಳಿಗೇ ಸಾ."

ನಾನು ಬರುವಷ್ಟರಲ್ಲಿ ಅವಳ ಎದೆಯ ಫೋಟೋ ತೆಗೆದಾಗಿತ್ತು. ನನ್ನನ್ನು ಕಂಡವನೇ ಅವನು ಖುಷಿಯಿಂದ, "ಸಿಸ್ಟರ್, ಒಂಚೂರೂ ನೋವಾಗ್ನಿಲ್ವಂತೆ! ಒಳ್ಗೆಲ್ಲ ಕ್ಲೀನಾಗೇ ಅದಂತೆ! ಇನ್ನು ಮಕ್ಳಾಗಕ್ಕೆ ಏನಡ್ಡಿ?" ಅಂದ.

ಲೀಕು

ಹನೂರಿನ ಸೈಕಲ್ ಶಾಪಿನವನಿಗೆ ಆ ನಾಚಿಕೆಯೆಲ್ಲ ಇರಲಿಲ್ಲ. ನಾನು "ಟ್ಯೂಬ್ ಟೆಸ್ಟ್" ಅಂದ ತಕ್ಷಣ, "ಗೊತ್ತು ಬುಡಿ ಸಿಸ್ಟರ್, ದಿನಾ ಅದ್ನೇ ತಾನೇ ನಾವೂ ಮಾಡದು" ಅಂದ. ಹೆದರಿದ್ದ ಹೆಂಡತಿಗೂ ಅವನೇ ಧೈರ್ಯ ಹೇಳಿ ಒಳಗೆ ಕಳಿಸಿದ.

ಪರೀಕ್ಷೆ ಮುಗಿಯಿತು. ಡಾಕ್ಟರಮ್ಮ ಫಿಲಂ ಬೆಳಕಿಗೆ ಹಿಡಿದು, "ನೋಡಪ್ಪಾ, ಎರಡು ನಳದ ತುದಿಯಿಂದಲೂ ಔಷಧ ಆಚೆಗೆ ಚೆಲ್ಲಿದೆ" ಅಂದರು.

ಅವನು ಕುರ್ಚಿ ಹಿಡಿದುಕೊಂಡ. "ಎರಡೂ ಲೀಕಾ?"

"ಹೂಂ, ಚೆನ್ನಾಗಿ!"

ಅವನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಹೆಂಡತಿಯೂ ಅಳೋಕೆ ಶುರು. ಡಾಕ್ಟರಮ್ಮ ಗಾಬರಿಯಾಗಿ, "ಯಾಕಪ್ಪಾ ಅಳ್ತೀಯ? ಲೀಕಾದ್ರೇನೇ ಒಳ್ಳೇದು. ಆಗದಿದ್ರೆ ನಳ ಮುಚ್ಚಿಕೊಂಡಿದೆ ಅಂತ ಅರ್ಥ" ಅಂದರು.

ಅವನು ಕಣ್ಣೊರೆಸಿಕೊಂಡು ಡಾಕ್ಟರಮ್ಮನ ಕಡೆ ಬಗ್ಗಿದ. "ಅಮ್ಮಾ, ಲೀಕಾದ್ರೆ ಒಳ್ಳೇದು ಅನ್ನೋ ಮಾತ ಅನೂರಲ್ಲಿ ಯಾರ್ಗೂ ಏಳ್ಬೇಡಿ. ನನ್ ಅಂಗ್ಡಿ ಮುಚ್ಚೋಯ್ತದೆ."

ನನ್ನ ಸರದಿ

ಮದುವೆಯಾಗಿ ನಾಲ್ಕು ವರ್ಷವಾದರೂ ನನಗೂ ಮಕ್ಕಳಿರಲಿಲ್ಲ. ನನ್ನವರು ಯಳಂದೂರಿನಲ್ಲಿ ಮೇಷ್ಟ್ರು. ಬಂದವರು "ನಿಮ್ಗೆಷ್ಟು ಮಕ್ಳು ಸಿಸ್ಟರ್?" ಅಂದಾಗಲೆಲ್ಲ ನಾನು ಸೂಜಿ ಹುಡುಕುವವಳ ಹಾಗೆ ಬೀರುವಿನ ಕಡೆ ತಿರುಗಿಬಿಡುತ್ತಿದ್ದೆ. ಕೊನೆಗೆ ಡಾಕ್ಟರಮ್ಮನೇ "ನೀನೂ ಮಾಡಿಸ್ಕೊಳ್ಳೇ" ಅಂದರು.

ಅಂದು ಬೆಂಚಿನ ಮೇಲೆ ಮೂವರು ಕಾಯುತ್ತಿದ್ದರು. "ಹೆದರ್ಬೇಡಿ, ಮುಟ್ಟಿನ ಹೊಟ್ಟೆನೋವಿನಷ್ಟೇ. ಹತ್ತು ಎಣಿಸೋದರೊಳಗೆ ಮುಗಿಯುತ್ತೆ" ಅಂತ ಎಂದಿನಂತೆ ಅವರಿಗೆ ಹೇಳಿ, ಜಂಬದಿಂದ ಒಳಗೆ ಹೋಗಿ ಮಲಗಿದೆ.

ಮೂರರವರೆಗೆ ಮರ್ಯಾದೆಯಾಗಿ ಎಣಿಸಿದೆ. ಆಮೇಲೆ ಕಿಬ್ಬೊಟ್ಟೆ ಹಿಂಡಿಕೊಂಡು ಬಂತು ನೋಡಿ, "ನಾಲ್ಕು" ಅನ್ನೋದು ನನ್ನ ಬಾಯಿಂದ "ಅಯ್ಯಯ್ಯಪ್ಪೋ, ಸತ್ತೇ!" ಅಂತ ಹೊರಟಿತು. ಐದು ನಿಮಿಷದಲ್ಲಿ ನೋವು ಇಳಿಯಿತು. ನಳಗಳೂ ತೆರೆದೇ ಇದ್ದವು. ಸಂತೋಷದಿಂದ ಆಚೆ ಬಂದು ನೋಡಿದರೆ ಬೆಂಚು ಖಾಲಿ. ಒಬ್ಬಳಂತೂ ಚಪ್ಪಲಿ ಬಿಟ್ಟೇ ಓಡಿದ್ದಳು.

ಅತ್ತೆ

ಹೂಗ್ಯಂ ಕಡೆಯಿಂದ ಒಬ್ಬ ಅತ್ತೆ ಸೊಸೆಯನ್ನು ಕರೆತಂದಳು. ಮದುವೆಯಾಗಿ ಆರು ವರ್ಷ. ನೆಂಟರೆಲ್ಲ ಸೇರಿ "ಮಗನಿಗೆ ಇನ್ನೊಂದು ಹೆಣ್ಣು ತಂದುಕೋ" ಅಂತ ಮುದುಕಿಯ ತಲೆ ತಿನ್ನುತ್ತಿದ್ದರಂತೆ. ಅವಳು ಅವರಿಗೆಲ್ಲ ಬೈದು, ಸೊಸೆಯನ್ನು ಸೀದಾ ಬಸ್ಸು ಹತ್ತಿಸಿಕೊಂಡು ಬಂದಿದ್ದಳು. ಸೊಸೆ ಗಡಗಡ ನಡುಗುತ್ತಿದ್ದಳು. ನಾನು ಅವಳಿಗೆ ಬಟ್ಟೆ ಬದಲಿಸಿ ಕರೆತರುವಷ್ಟರಲ್ಲಿ, ಮುದುಕಿಯೇ ಎಕ್ಸ್‌ರೇ ಮೇಜಿನ ಮೇಲೆ ಅಂಗಾತ ಮಲಗಿದ್ದಳು.

"ಏಳಿ ಅಜ್ಜಿ, ಪರೀಕ್ಷೆ ನಿಮ್ಮ ಸೊಸೆಗೆ!"

"ಗೊತ್ತು ಕನವ್ವ. ಮೊದ್ಲು ನಂಗ್ ಮಾಡಿ. ನಾನ್ ಎದ್ದು ಕುಂತ್ರೆ ಆಮೇಲ್ ಅವ್ಳಿಗ್ ಮಾಡೀರಿ. ಏಳು ಮಕ್ಳ ಎತ್ತಿರೋ ಒಟ್ಟೆ ಇದು. ಸರಿಯಾಗಿದ್ರೆ ಎಂಗ್ ಕಾಣ್ತದೆ ಅಂತಾನೂ ನೋಡ್ಕಳಿ."

ಅವಳನ್ನು ಕೆಳಗಿಳಿಸಲು ನಾನು, ಡಾಕ್ಟರಮ್ಮ ಇಬ್ಬರೂ ಬೇಕಾಯಿತು. ಸೊಸೆಯ ಪರೀಕ್ಷೆ ಮುಗಿಯುವವರೆಗೂ ಬಾಗಿಲಾಚೆಯಿಂದ "ನಾನ್ ಇಲ್ಲೇ ಇವ್ನಿ ಕನ ಮಗ" ಅಂತ ಕೂಗುತ್ತಲೇ ಇದ್ದಳು.

ಡಾಕ್ಟರಮ್ಮ ಫಿಲಂ ನೋಡಿ, "ಒಂದು ನಳ ಮುಚ್ಚಿಕೊಂಡಿದೆ, ಇನ್ನೊಂದು ಚೆನ್ನಾಗಿದೆ. ಮಗುವಾಗೋಕೆ ಒಂದೇ ಸಾಕು" ಅಂದರು. ಮರುವರ್ಷ ಆ ಸೊಸೆ ನಮ್ಮಲ್ಲೇ ಹೆಣ್ಣುಮಗು ಹೆತ್ತಳು. ಆದರೆ ಅಂದು "ಮುಚ್ಚಿಕೊಂಡಿದೆ" ಅನ್ನೋದಷ್ಟೇ ಕಿವಿಗೆ ಬಿದ್ದು, ಬಿಕ್ಕಿ ಬಿಕ್ಕಿ ಅತ್ತಳು.

ಅತ್ತೆ ಅವಳ ಕೆನ್ನೆ ಒರೆಸಿ, ಡಾಕ್ಟರಮ್ಮನ ಕಡೆ ತಿರುಗಿದಳು. "ದಿಟವಾಗ್ಲೂ ಒಂದೇ ಸಾಕಾ ತಾಯಿ?"

"ಸಾಕಜ್ಜಿ."

"ಅಂಗಾರೆ ನಂದೂ ಒಂದೇ ತೆರ್ಕಂಡಿತ್ತು ಅನ್ನು!" ಮುದುಕಿ ತನ್ನ ಹೊಟ್ಟೆ ಸವರಿಕೊಂಡು ನಿಟ್ಟುಸಿರು ಬಿಟ್ಟಳು. "ಬದುಕ್ದೆ ಕನವ್ವ. ಎರಡೂ ತೆರ್ಕಂಡಿದ್ರೆ, ಹದಿನಾಕ್ ಮಕ್ಳಿಗೆ ಮುದ್ದೆ ತಿರುವವ್ರು ಯಾರು?"