ಬೀಗರು ಕೊಟ್ಟ ಒಂದು ಹಿಡಿ

"ಒಂದು ಕಾಳು ಸಕ್ರಿ ನನ್ನ ಗಂಟಲಾ ದಾಟಂಗಿಲ್ಲ! ನನಗ ಬ್ಯಾನಿ ಅದ ಅಂತ ಒಂದು ನರಪಿಳ್ಳಿಗೂ ತಿಳಿಯಂಗಿಲ್ಲ!"

೧೯೪೪ರಲ್ಲಿ ನಾನು ಮಾಡಿದ ಈ ಘೋರ ಪ್ರತಿಜ್ಞೆಗೆ ದೇವದುರ್ಗದ ನಮ್ಮ ಅಡುಗೆಮನೆಯೇ ಸಾಕ್ಷಿ. ಯುದ್ಧದಿಂದಾಗಿ ಊರಿಗೆಲ್ಲ ಸಕ್ಕರೆ ಕಂಟ್ರೋಲಿನಲ್ಲಿದ್ದ, ಅಳೆದು ಹಂಚುತ್ತಿದ್ದ ಕಾಲದಲ್ಲಿ ನನ್ನ ಮೈಯೊಳಗೆ ಮಾತ್ರ ಅದಕ್ಕೆ ಕಂಟ್ರೋಲೇ ಇರಲಿಲ್ಲ! ರಾಯಚೂರಿನ ಡಾಕ್ಟರ್ ಸಲಾವುದ್ದೀನ್ ಸಾಹೇಬರು ಅನ್ನ, ಬೆಲ್ಲ ಬಂದ್ ಮಾಡಿ, ಹೊತ್ತಿಗೆ ಅರ್ಧ ರೊಟ್ಟಿ, ಪಲ್ಯ, ಮೊಟ್ಟೆ, ಮಜ್ಜಿಗೆ ಎಂದು ಚೀಟಿ ಬರೆದಿದ್ದರು.

ಇದೆಲ್ಲ ಗುಟ್ಟು ಯಾಕೆ ಅಂತೀರಾ? ಮಗಳು ಯಮನಮ್ಮನಿಗೆ ಮಾನ್ವಿಯ ಪರಮಣ್ಣನವರ ಮಗನ ಸಂಬಂಧ ಕುದುರುತ್ತಿತ್ತು. ರೋಗದ ಮನೆತನವೆಂದು ಅವರು ಹಿಂದೆ ಸರಿದರೆ?

"ಮುಚ್ಚಿಡೋದು ಬ್ಯಾಡ್ರಿ, ಬೀಗ್ರಿಗೆ ಹೇಳಿಬಿಡೂಣು," ಎಂದಳು ಹೆಂಡತಿ ದುರುಗಮ್ಮ.

"ನೀ ಸುಮ್ಮಕ ಕುಂದ್ರು. ನಾ ಎಲ್ಲಾ ಸಂಭಾಳಸ್ತೀನಿ!"

ಆದರೆ ನಮ್ಮಲ್ಲಿ ಮಾತು ಗಟ್ಟಿಯಾಗುವುದೇ ಬೀಗರಿಬ್ಬರೂ ಸಕ್ಕರೆ ತಿಂದಾಗ. ನಾನು, ದುರುಗಮ್ಮ ಮಾನ್ವಿಗೆ ಹೋದಾಗ ಹಿರಿಯರೆದುರು ಪರಮಣ್ಣನವರು ನನ್ನ ಅಂಗೈಗೆ ಒಂದು ಹಿಡಿ ಸುರಿದರು. ನಾನು ಅದರತ್ತ ನೋಡಲೂ ಇಲ್ಲ. ನೋಡಿದರೆ ಬಾಯಲ್ಲಿ ನೀರೂರುತ್ತದಲ್ಲ! ಮುಷ್ಟಿಯನ್ನು ಬಾಯಿಗೆ ಹೊಡೆದುಕೊಂಡೆ, ಚಪ್ಪರಿಸಿದೆ.

"ಭಾಳ ಸಿಹಿ ಅದರೀ ಬೀಗ್ರ!"

ಮಾಲು ಮಾತ್ರ ಅಂಗಿಯ ತೋಳಿನೊಳಗೆ ಇಳಿದಿತ್ತು. ಎಂಥ ಕೈಚಳಕ!

ಮದುವೆಯ ದಿನ ಗೊತ್ತುಮಾಡುವಷ್ಟರಲ್ಲಿ ತೋಳಿನಲ್ಲಿ ಕಚಗುಳಿ ಶುರುವಾಯಿತು. ಮಾನ್ವಿಯ ಕೆಂಪಿರುವೆಗಳು ದಂಡೆತ್ತಿ ಬಂದು ಕಂಕುಳಿಗೆ ಮುತ್ತಿಗೆ ಹಾಕಿದ್ದವು! ಹಲ್ಲು ಕಚ್ಚಿದೆ, ಕೈ ಕೊಡವಿದೆ, ಕೊನೆಗೆ ಎದ್ದು ಕುಣಿದೇಬಿಟ್ಟೆ!

"ಮೂರ್ಛಿ ಬ್ಯಾನಿ! ಕೈಯಾಗ ಕಬ್ಬಣ ಕೊಡ್ರಿ!" ಎಂದು ಅವರ ಕಡೆಯ ಹಿರಿಯ ಬೂದೆಪ್ಪ ಕೂಗಿದ. "ಇಂಥಾ ಮನಿ ಹೆಣ್ಣು ನಮಗ ಬ್ಯಾಡ!"

ಮಗಳ ಮದುವೆ ನನ್ನ ಕಣ್ಣೆದುರೇ ಮುರಿಯುತ್ತಿತ್ತು.

"ಮೂರ್ಛಿ ಅಲ್ರಿ ಯಪ್ಪಾ, ಸಕ್ರಿ ಬ್ಯಾನಿ!" ಎಂದು ಕೈಮುಗಿದೆ. "ನೀವು ಕೊಟ್ಟ ಸಕ್ರಿ ತೋಳಾಗ ಅದ. ತಪ್ಪು ನಂದು, ಮಗಳ್ನ ಬಿಡಬ್ಯಾಡ್ರಿ!"

ಬೀಗತಿ ಯಂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದರು.

"ಮದಿವಿ ಏನೂ ಮುರಿಯಂಗಿಲ್ಲ, ಸಮಾಧಾನ ಮಾಡಿಕೊಳ್ರಿ ಅಣ್ಣಾರ. ನಿಮ್ಮ ಬ್ಯಾನಿ ಸುದ್ದಿ ದುರುಗಮ್ಮ ಹೋದ ತಿಂಗಳಾ ಹೇಳಿ ಕಳಿಸ್ಯಾಳ. ನೀವಾ ಬಾಯಿ ಬಿಡ್ಲಿ ಅಂತ ಸುಮ್ಮಕಿದ್ವಿ. ನಿಮ್ಮ ಕೈಯಾಗ ಹಾಕಿದ್ದು ಸಕ್ರಿ ಅಲ್ರಿ, ತುರದ ಒಣ ಕೊಬ್ರಿ!"

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ನನ್ನ ತೋಳಿನ ಇರುವೆ ಕೊಡವುತ್ತ ಮೆಲ್ಲಗೆ ಕೇಳಿದಳು:

"ಅಲ್ರೀ, ಕೊಬ್ರಿ ಅಷ್ಟು ಸಿಹಿ ಹತ್ತಿತೇನು?"