ಎರಡರಿಂದ ಮೂರರವರೆಗೆ ಚಿಕ್ಕಮ್ಮನ ಪಾಳಿ

ಲೋಕದಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ರಾಗಿಯೊಳಗೆ ಹೂತಿಡುವ ಮನುಷ್ಯ ಒಬ್ಬರೇ ಇದ್ದರೆ ಅವರು ನಮ್ಮ ಚಿಕ್ಕಪ್ಪ. ಇಬ್ಬರಿದ್ದರೆ, ಆ ಇನ್ನೊಬ್ಬರಿಗೆ ಹೇಳಿಕೊಟ್ಟವರೂ ನಮ್ಮ ಚಿಕ್ಕಪ್ಪನೇ ಆಗಿರಬೇಕು!

ನಗಬೇಡಿ, ಅವರ ಹತ್ತಿರ ಅದಕ್ಕೆ ಕಾರಣವಿದೆ. ಬೈರಾಪಟ್ಟಣದ ಅವರ ಮನೆಗೆ ಒತ್ತಿಕೊಂಡೇ ರೇಷ್ಮೆಹುಳು ಸಾಕುವ ಕೋಣೆ. ಹಸಿ ಹಿಪ್ಪುನೇರಳೆ ಸೊಪ್ಪಿನ ತೇವ ಮನೆ ತುಂಬ. ಬೀರುವಿನಲ್ಲಿಟ್ಟರೆ ಬೂಷ್ಟು, ಅಟ್ಟದಲ್ಲಿಟ್ಟರೆ ಇಲಿ. ಅದಕ್ಕೇ ಪ್ರತಿ ಶನಿವಾರ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಂಗೈಯಗಲದ ಒಂದು ಡಿಸ್ಕಿಗೆ ಬ್ಯಾಕಪ್ ತೆಗೆದು, ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಅಡುಗೆಮನೆಯ ರಾಗಿ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈ ಇಳಿಸಿ ಮುಚ್ಚಿಡುತ್ತಾರೆ.

"ರಾಗಿಗೆ ಎಷ್ಟು ವರ್ಸ ಆದ್ರೂವೆ ಹುಳ ಬೀಳಾಕಿಲ್ಲ ಕಣವ್ವ," ಎಂದು ನನಗೆ ಪಾಠ ಹೇಳಿದ್ದರು. "ಇನ್ನ ಅದ್ರೊಳಗೆ ಮಡಗಿದ್ದಕ್ಕೆ ವೈರಸ್ ಎಂಗ್ ಬಿದ್ದದು?"

ನಾನು ರಾಮನಗರದ ಒಂದು ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡುವವಳು. ಅದು ಬಿಟ್ಟರೆ ನನಗೆ ಬೇರೇನೂ ಬಾರದು. ಆದರೆ ನಮ್ಮ ವಂಶದಲ್ಲಿ ಅಷ್ಟಕ್ಕೇ ನಾನು ದೊಡ್ಡ ಇಂಜಿನಿಯರು. ಯಾರ ಮನೆಯಲ್ಲಿ ಫ್ಯಾನ್ ತಿರುಗದಿದ್ದರೂ ನನಗೇ ಫೋನು! ಅಂಥ ಇಂಜಿನಿಯರು ಚಿಕ್ಕಪ್ಪನ ಈ ಪ್ರಶ್ನೆಗೆ ಹೂಂ ಅಂದು ಡ್ರಮ್ಮಿನ ಮುಚ್ಚಳ ಹಾಕಿಕೊಟ್ಟೆ.

ಚಿಕ್ಕಪ್ಪ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವರು. ಎಷ್ಟು ಗಂಟೆಗೆ ಯಾವ ಬಸ್ಸು ಬಂತು, ಎಷ್ಟು ನಿಮಿಷ ತಡ, ಯಾರು ಹೊರಡದೆ ಟೀ ಕುಡಿಯುತ್ತ ನಿಂತಿದ್ದರು, ಎಲ್ಲ ಬರೆದಿಡುವ ಕೆಲಸ. ನೌಕರಿಯಿಂದ ನಿವೃತ್ತಿಯಾಯಿತು, ಆದರೆ ಸೀಟಿ ಮಾತ್ರ ಜೇಬಿನಲ್ಲೇ ಉಳಿಯಿತು. ಮನೆಗೆ ಕಂಪ್ಯೂಟರ್ ತಂದ ದಿನವೇ ನಡುಮನೆಯ ಗೋಡೆಗೆ ಹಳದಿ ಹಲಗೆಯೊಂದು ಬಂತು. ಬಸ್ ಸ್ಟ್ಯಾಂಡಿನ ಬೋರ್ಡೇ! ಬೆಳಿಗ್ಗೆ ಮಗನ ಪಾಳಿ, ಮಧ್ಯಾಹ್ನ ಎರಡರಿಂದ ಎರಡೂವರೆ ಚಿಕ್ಕಮ್ಮನ ಪಾಳಿ, ಎರಡೂವರೆಯಿಂದ ನಾಲ್ಕು ಸೊಸೆಯ ಪಾಳಿ, ಆಮೇಲೆ ತಮ್ಮದು. ಪಾಳಿ ಮುಗಿದ ಮೇಲೂ ಕೂತಿದ್ದರೆ ಕಿವಿಯ ಪಕ್ಕದಲ್ಲೇ ಸೀಟಿ. ನನ್ನ ತಮ್ಮ, ಅಂದರೆ ಅವರ ಮಗ, ಒಂದು ಸಲ ಬೆಚ್ಚಿಬಿದ್ದು ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿದ. ಅದಕ್ಕೂ ಬೈಸಿಕೊಂಡವನು ಅವನೇ.

ಪಾಳಿಯಷ್ಟೇ ಅಲ್ಲ, ನಾಲ್ವರಿಗೂ ಬೇರೆ ಬೇರೆ ಅಕೌಂಟು, ಬೇರೆ ಬೇರೆ ಪಾಸ್‌ವರ್ಡು. ಒಬ್ಬರದನ್ನು ಇನ್ನೊಬ್ಬರು ಕೇಳುವಂತಿಲ್ಲ, ಇಣುಕುವಂತಿಲ್ಲ. ಚಿಕ್ಕಮ್ಮ ಓದಿದ್ದು ಏಳನೇ ಕ್ಲಾಸು. "ಹುಳಕ್ಕೆ ಸೊಪ್ಪಾಕೋಳ್ಗೆ ಇದ್ಯಾಕ್ ಬುಡಿ," ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರಂತೆ.

"ಇದ್ರಲ್ಲಿ ಎಲ್ಲಾರ್ಗೂ ಒಂದೊಂದು ರೂಮೈತೆ. ಇದು ನಿನ್ ರೂಮು. ಬೀಗಾನೂ ನಿಂದೇಯ. ಒತ್ತು, ನಾನು ನೋಡಾಕಿಲ್ಲ," ಎಂದು ಚಿಕ್ಕಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತರಂತೆ. ಚಿಕ್ಕಮ್ಮ ಏನೋ ಒತ್ತಿದರು. ಹೆಸರಿನ ಪಕ್ಕಕ್ಕೆ ಚಿತ್ರ ಬೇಕೆಂದಾಗ ಮಲಗಿದ್ದ ಬೆಕ್ಕಿನ ಮರಿಯೊಂದನ್ನು ಆರಿಸಿಕೊಂಡರು. ಜೀವಮಾನವಿಡೀ ಪೊರಕೆ ಹಿಡಿದು ಬೆಕ್ಕು ಓಡಿಸಿದ ಹೆಂಗಸು!

ಚಿಕ್ಕಮ್ಮನ ಪಾಳಿಯ ಕಟ್ಟುನಿಟ್ಟೇ ಬೇರೆ. ಆ ಹೊತ್ತಿನಲ್ಲಿ ನಡುಮನೆಗೆ ಯಾರೂ ಕಾಲಿಡುವಂತಿಲ್ಲ. ಸ್ವತಃ ಚಿಕ್ಕಪ್ಪನೇ ಛತ್ರಿ ಹಿಡಿದು ರಸ್ತೆಯಂಚಿನ ಹೊಂಗೆಮರದ ಕಟ್ಟೆಗೆ ಹೋಗಿ ಕೂತು, ಹೋಗಿಬರುವ ಬಸ್ಸುಗಳು ಎಷ್ಟು ತಡವೆಂದು ಬರೆದುಕೊಳ್ಳುತ್ತಿದ್ದರು. ಯಾರು ಕೇಳಿದ್ದರು ಆ ಲೆಕ್ಕ? ಯಾರೂ ಇಲ್ಲ. ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಬೋರ್ಡು ತಿದ್ದಿ ಚಿಕ್ಕಮ್ಮನ ಪಾಳಿಯನ್ನು ಮೂರು ಗಂಟೆಯವರೆಗೂ ಎಳೆದರು. ಸೊಸೆ, ಅಂದರೆ ನನ್ನ ನಾದಿನಿ, ಸೀರೆಗಳಿಗೆ ಕಸೂತಿ ಹಾಕಿಕೊಡುವವಳು, ಅದರ ಡಿಸೈನ್‌ಗಳೆಲ್ಲ ಕಂಪ್ಯೂಟರಿನಲ್ಲೇ. ತನ್ನ ಅರ್ಧ ಗಂಟೆ ಹೋಯಿತೆಂದು ವಾರಗಟ್ಟಲೆ ಮುಖ ಊದಿಸಿಕೊಂಡಳು. ಚಿಕ್ಕಪ್ಪ ಜಗ್ಗಲಿಲ್ಲ. "ಅವ್ಳ ಕ್ಯಾಮೆ ಜಾಸ್ತಿ ಐತೆ," ಅಷ್ಟೇ ಉತ್ತರ.

ಇನ್ನೊಂದು ವಿಚಿತ್ರ. ಊರಿಗೆಲ್ಲ ಸೀಟಿ ಊದುವ ಮನುಷ್ಯ ಚಿಕ್ಕಮ್ಮನಿಗೆ ಮಾತ್ರ ಒಂದು ದಿನವೂ ಊದಲಿಲ್ಲ. ಮೂರಕ್ಕೆ ಸರಿಯಾಗಿ ಗೇಟಿನ ಹತ್ತಿರ ನಿಂತು ಜೋರಾಗಿ ಕೆಮ್ಮುವುದು. ಆಮೇಲೆ ತೊಟ್ಟಿಯ ಹತ್ತಿರ ನಿಧಾನವಾಗಿ ಕಾಲು ತೊಳೆಯುವುದು. ಆಮೇಲೆ ಒಳಗೆ ಬರುವುದು. ನಾವೆಲ್ಲ ಬೀಡಿಯ ಕೆಮ್ಮು ಅಂದುಕೊಂಡು, ಡಾಕ್ಟರಿಗೆ ತೋರಿಸಿ ಎಂದು ಬುದ್ಧಿ ಹೇಳುತ್ತಿದ್ದೆವು.

ಈ ಮನೆಗೆ ಸಾವು ಬಂದರೂ ಬೋರ್ಡು ನೋಡಿಕೊಂಡೇ ಬರಬೇಕು ಎಂದು ನಾನೇ ತಮಾಷೆ ಮಾಡಿದ್ದುಂಟು. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ! ಹೋದ ವರ್ಷ ಅದು ಯಾವ ಬೋರ್ಡನ್ನೂ ನೋಡಲಿಲ್ಲ. ಬೆಳಗಿನ ಸೊಪ್ಪು ಹಾಕಿ ಮುಗಿಸಿ ಹೊರಗೆ ಬಂದ ಚಿಕ್ಕಮ್ಮ ಹೊಸ್ತಿಲ ಮೇಲೆ ಕೂತರು, ಮತ್ತೆ ಏಳಲಿಲ್ಲ. ಚಿಕ್ಕಪ್ಪ ಫೋನಿನಲ್ಲಿ ಅಂದದ್ದು ಎರಡೇ ಮಾತು. "ಮಗಾ, ಓಗ್ಬುಡ್ತು."

ಈ ಮಳೆಗಾಲದಲ್ಲಿ ಮತ್ತೆ ಅದೇ ಫೋನು, ಅದೇ ದನಿ. "ಮಗಾ, ಓಗ್ಬುಡ್ತು."  ಯಾರು, ತಮ್ಮನೋ, ನಾದಿನಿಯೋ? ಚೀಲ ಹುಡುಕುತ್ತ ಒಬ್ಬೊಬ್ಬರ ಹೆಸರೂ ಹಿಡಿದು ಕೇಳಿದೆ. ಕೊನೆಗೆ ನೋಡಿದರೆ ಹೋಗಿದ್ದು ಕಂಪ್ಯೂಟರು! ಸಿಡಿಲು ಹೊಡೆದಾಗ ಸುಟ್ಟುಹೋಗಿತ್ತು. ಬಾಯಿಗೆ ಬಂದ ಬೈಗುಳವನ್ನು ದೊಡ್ಡವರೆಂದು ನುಂಗಿಕೊಂಡೆ.

ಆದರೆ ಎರಡು ದಿನ ಬಿಟ್ಟು ತಮ್ಮ ಫೋನ್ ಮಾಡಿದಾಗ ಸಿಟ್ಟೆಲ್ಲ ಇಳಿಯಿತು. "ಅವ್ವ ಓದಾಗ್ಲೂ ಅಪ್ಪ ಇಂಗಾಗಿರ್ನಿಲ್ಲ ಅಕ್ಕ. ಆಗ್ಲೂ ದಿನಾ ಎರಡಕ್ಕೆ ಛತ್ರಿ ಎತ್ಕಂಡು ಹೊಂಗೆಮರಕ್ಕೆ ಓಯ್ತಿದ್ದ. ಈಗ ಅದೂ ಇಲ್ಲ. ಉಂಡ್ರೆ ಉಂಡ, ಇಲ್ದಿದ್ರೆ ಇಲ್ಲ. ಬೋರ್ಡ್ ನೋಡ್ಕಂಡು ಕೂತವ್ನೆ. ಬೇರೆ ಕಂಪ್ಯೂಟರ್ ತಂದಿವ್ನಿ, ನೀನು ಬಂದು ಎಲ್ಲಾ ಅದಕ್ಕೆ ಆಕ್ಕೊಡು."

ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಮನೆಯೊಳಗೆ ಮಳೆಗಾಲದ ಮಂಕು. ಕರೆಂಟಿರಲಿಲ್ಲ. ಚಿಕ್ಕಪ್ಪ ಇಳಿದುಹೋಗಿದ್ದರು, ಗಡ್ಡ ಬೆಳೆದಿತ್ತು. ನನ್ನನ್ನು ಕಂಡದ್ದೇ ಎದ್ದು ಅಡುಗೆಮನೆಗೆ ಹೋಗಿ ರಾಗಿ ಡ್ರಮ್ಮಿನೊಳಗೆ ಕೈ ಇಳಿಸಿದರು. ಕೈ ಸೀದಾ ತಳಕ್ಕೆ ತಾಗಿ ಡಣ್ ಎಂದಿತು. ಡ್ರಮ್ಮು ಖಾಲಿ!

"ಬೆಳಿಗ್ಗೆ ಮಿಲ್ಲಿಗೆ ಕಳಿಸ್ದೆ ಮಾವ," ಎಂದಳು ನಾದಿನಿ, ಹೆದರಿಕೊಂಡು. "ತಳದಾಗೆ ಒಸೀನೆ ಇತ್ತು. ಡ್ರಮ್ ಎತ್ತಿ ಚೀಲಕ್ಕೆ ಬೊಗ್ಗಿಸ್ಬುಟ್ಟೆ."

ಬೈಯುತ್ತಾರೆ, ಸೀಟಿ ಊದುತ್ತಾರೆ, ಮನೆ ಹಾರಿಹೋಗುತ್ತದೆ ಅಂದುಕೊಂಡೆ. ಚಿಕ್ಕಪ್ಪ ಡ್ರಮ್ಮಿನ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತರು. ಆಮೇಲೆ ಮೆಲ್ಲಗೆ, "ಅವ್ಳೂ ಅದ್ರಲ್ಲೇ ಅವ್ಳಲ್ಲವ್ವ," ಎಂದರು. 

ತಮ್ಮ ಬೈಕು ತೆಗೆದ, ನಾನು ಹಿಂದೆ ಕೂತೆ. ಕೆಸರು ರಸ್ತೆಯಲ್ಲಿ ಪ್ರಾಣ ಬಾಯಿಗೆ ಬಂದಂತಾಯಿತು. ರಾಗಿಯ ಜೊತೆ ಚಿಕ್ಕಮ್ಮನ ಅಕೌಂಟೂ ಹಿಟ್ಟಾಗಿ ಯಾರ ಮನೆಯ ಮುದ್ದೆಯಾಗುತ್ತದೋ ಶಿವನೇ! ಮಿಲ್ಲಿಗೆ ಹೋಗಿ ನೋಡಿದರೆ ಅಲ್ಲಿ ಸದ್ದೇ ಇಲ್ಲ. ಮಿಲ್ಲಿನವನು ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಬೆಳಿಗ್ಗಿಂದ ಕರೆಂಟೇ ಇಲ್ಲ ಕಣಪ್ಪೋ. ನಿಮ್ ರಾಗಿ ಅಂಗೇ ಕೂತೈತೆ. ಅದ್ಯಾಕ್ ಇಂಗ್ ಓಡ್ಬಂದ್ರಿ, ನೆಂಟ್ರು ಬಂದವ್ರಾ?"

ಕರೆಂಟು ಹೋದದ್ದಕ್ಕೆ ನಾನು ಕೈಮುಗಿದದ್ದು ಜನ್ಮದಲ್ಲಿ ಅದೇ ಮೊದಲು. ಚೀಲದೊಳಗೆ ಪಂಚೆಯ ಗಂಟು ಭದ್ರವಾಗಿತ್ತು. ಮನೆಗೆ ತಂದಾಗ ಚಿಕ್ಕಪ್ಪ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಒಂದೊಂದೇ ರಾಗಿ ಕಾಳನ್ನು ಉಗುರಿನಿಂದ ಬಿಡಿಸಿದರು.

ಕರೆಂಟು ಬಂದದ್ದು ಹನ್ನೆರಡರ ಮೇಲೆ. ಹೊಸ ಕಂಪ್ಯೂಟರಿಗೆ ಡಿಸ್ಕು ಸಿಕ್ಕಿಸಿದೆ. ಯಾರ ಯಾರ ಅಕೌಂಟು ಸಾಗಿಸಬೇಕೆಂದು ಅದು ಕೇಳಿತು. ನಾಲ್ಕು ಹೆಸರು, ನಾಲ್ಕರ ಮುಂದೂ ಟಿಕ್ ಹಾಕಲು ಒಂದೊಂದು ಚೌಕ. ಮೂರಕ್ಕೆ ಹಾಕಿ ನನ್ನ ಕೈ ನಿಂತಿತು.

"ಅವ್ವಂದು ಯಾಕಪ್ಪ ಈಗ?" ಎಂದ ತಮ್ಮ. "ಸುಮ್ನೆ ಜಾಗ ತಿನ್ನುತ್ತೆ. ಬುಟ್ಟಾಕು."

ಚಿಕ್ಕಪ್ಪ ಅವನನ್ನೇ ನೋಡಿದರು. "ರೇಷನ್ ಕಾರ್ಡಿಂದ ಅವ್ಳ ಹೆಸ್ರು ತೆಗುಸ್ದೆ. ಓಟಿನ ಪಟ್ಟಿಯಿಂದ ತೆಗುಸ್ದೆ. ಬಾಯಿ ಮುಚ್ಕಂಡಿದ್ದೆ ಕಣ್ಲಾ, ಅದು ಸರ್ಕಾರುದ್ದು. ಇದು ನನ್ ಸ್ಟ್ಯಾಂಡು. ಇಲ್ಲಿಂದ ಯಾರ ಹೆಸ್ರೂ ತೆಗಿಯಾಕಿಲ್ಲ."

ತಮ್ಮ ತಲೆ ತಗ್ಗಿಸಿಕೊಂಡು ಹೊರಗೆ ಹೋದ. ನಾನು ನಾಲ್ಕನೆಯ ಟಿಕ್ ಹಾಕಿದೆ.

ಪ್ರತಿ ಹೆಸರಿನ ಪಕ್ಕ ಎಷ್ಟೆಷ್ಟು ಫೈಲುಗಳಿವೆ ಎಂದು ತೋರಿಸಿತು. ತಮ್ಮನದು ರಾಶಿ, ನಾದಿನಿಯ ಕಸೂತಿಯದು ಅದಕ್ಕಿಂತ ರಾಶಿ, ಚಿಕ್ಕಪ್ಪನದು ತಡವಾದ ಬಸ್ಸುಗಳ ದೊಡ್ಡ ಪುರಾಣ. ಚಿಕ್ಕಮ್ಮನ ಬೆಕ್ಕಿನ ಮರಿಯ ಪಕ್ಕದಲ್ಲಿ ಸೊನ್ನೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಸೊನ್ನೆಯೇ! ಅಷ್ಟು ವರ್ಷ, ದಿನಾ ಒಂದು ಗಂಟೆ, ಒಂದು ಅಕ್ಷರವನ್ನೂ ಬರೆದಿಲ್ಲ, ಒಂದು ಚಿತ್ರವನ್ನೂ ಇಟ್ಟಿಲ್ಲ. ಮತ್ತೆ ಈ ಮನುಷ್ಯ ಅಷ್ಟು ಬೇಸಿಗೆ ಆ ಕಟ್ಟೆಯ ಮೇಲೆ ಬೆಂದದ್ದು ಏತಕ್ಕೆ? ಈಗ ಏನೇನೈತೆ ಓದು ಎಂದು ಇವರು ಕೇಳಿದರೆ ನಾನೇನು ಹೇಳಲಿ? ಚಿಕ್ಕಪ್ಪನಿಗೆ ಕಾಣದ ಹಾಗೆ ಪರದೆಗೆ ಅಡ್ಡ ಕೂತೆ.

ಸಾಗಣೆ ಮುಗಿದ ಮೇಲೆ ಒಬ್ಬೊಬ್ಬರಿಗೂ ಹೊಸ ಪಾಸ್‌ವರ್ಡು ಕೇಳಿತು. ಮೂವರದು ಆಯಿತು. ನಾಲ್ಕನೆಯದಕ್ಕೂ ಕೇಳಿತು, ಹಾಕದೆ ಮುಂದೆ ಹೋಗಲೊಲ್ಲದು. ಚಿಕ್ಕಪ್ಪ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು.

"ನೀನೇ ಏನಾದ್ರೂ ಒತ್ತವ್ವ. ನಂಗೇಳ್ಬ್ಯಾಡ."

ಒತ್ತಿದೆ. ಏನೆಂದು ಇಲ್ಲಿಯೂ ಹೇಳುವುದಿಲ್ಲ.

"ಅವ್ಳದ್ದೆಲ್ಲಾ ಬಂತಾ?" ಗೋಡೆಗೇ ಕೇಳಿದರು.

"ಬಂತು ಚಿಕ್ಕಪ್ಪಾ. ಬೇಕಾದಷ್ಟಿತ್ತು, ಎಲ್ಲಾ ಬಂತು."

ತಿರುಗಿ ನನ್ನ ಮುಖ ನೋಡಿದರು. ತಿಂಗಳುಗಳ ಮೇಲೆ ಆ ಮುಖದಲ್ಲಿ ಒಂದು ಚೂರು ನಗು. "ಬೇಕಾದಷ್ಟಾ? ಎಲ್ಲಿಂದ ಬಂತವ್ವ ಅದು? ಅವ್ಳು ಮಲಗ್ತಿದ್ಳು ಕಣೇ."

ಪರದೆಗೆ ಅಡ್ಡ ಕೂತಿದ್ದವಳು ಪಕ್ಕಕ್ಕೆ ಸರಿದೆ.

"ಒಂದಿನ ಛತ್ರಿ ಮರ್ತು ವಾಪಸ್ ಬಂದೆ. ಕಿಟಕೀಲಿ ನೋಡ್ತೀನಿ, ಟೇಬಲ್ ಮೇಲೆ ತಲೆ ಮಡಗಿ ನಿದ್ದೆ ಒಡೀತಾವ್ಳೆ. ಬಾಯಿ ಒಸಿ ತೆರ್ಕಂಡಿತ್ತು. ಹುಳ ಗೂಡು ಕಟ್ಟಾಕ್ ಮುಂಚೆ ಒಂದೇ ಸಮ ತಿನ್ನೋ ಟೈಮು, ರಾತ್ರಿಯೆಲ್ಲಾ ಸೊಪ್ಪಾಕಿದ್ಳು. ಮದ್ವೆ ಆದಾಗ್ನಿಂದ ಅವ್ಳು ಹಗಲೊತ್ತು ಮಲ್ಗಿದ್ದ ನಾನು ಕಂಡಿದ್ದು ಅವತ್ತೇಯ. ನನ್ ಕೈಲಿ ಲೋಕದ ಬಸ್ಸಿನ ಟೈಮೆಲ್ಲಾ ಇತ್ತು, ಮನೇಲಿ ಇವ್ಳು ಯಾವಾಗ ಮಲಗ್ತಾಳೆ ಅಂತ ಗೊತ್ತಿರ್ನಿಲ್ಲ ನೋಡು. ಛತ್ರೀನೂ ತಕ್ಕಳ್ದೆ ಅಂಗೇ ಬಿಸ್ಲಾಗೆ ಓದೆ. ಅರ್ಧ ಗಂಟೆ ಸಾಲ್ದು ಅನ್ನುಸ್ತು. ಮಾರ್ನೆ ದಿನ ಬೋರ್ಡ್ ತಿದ್ದಿದೆ."

"ನಿಮ್ಗೆ ಗೊತ್ತು ಅಂತ ಚಿಕ್ಕಮ್ಮಂಗೆ ಹೇಳಿದ್ರಾ?"

"ಎಂಗ್ ಹೇಳಾದು? ಹೇಳಿದ್ರೆ ನಾಚ್ಕಂಡು ಮಲಗಾದೇ ಬುಟ್ಬುಡೋಳು."

ಗೋಡೆಯ ಗಡಿಯಾರದಲ್ಲಿ ಎರಡು ಹೊಡೆಯಿತು. ಚಿಕ್ಕಪ್ಪ ಬೋರ್ಡು ನೋಡಿದರು, ಛತ್ರಿ ತೆಗೆದುಕೊಂಡರು. "ಏಳವ್ವ, ಅವ್ಳ ಟೈಮಾಯ್ತು," ಎಂದು ಚಪ್ಪಲಿ ಮೆಟ್ಟಿ ಹೊಂಗೆಮರದ ಕಡೆ ನಡೆದರು. ನಾನು ಚಿಕ್ಕಮ್ಮನ ಹೆಸರನ್ನು ಪರದೆಯ ಮೇಲೆ ಹಾಗೇ ಬಿಟ್ಟು, ಬೆಳಕು ಬೀಳದಂತೆ ಕಿಟಕಿ ಮುಚ್ಚಿ, ಅಡುಗೆಮನೆಗೆ ಹೋಗಿ ಸದ್ದು ಮಾಡದೆ ಕೂತೆ. ನಾದಿನಿ ಪಾತ್ರೆ ಎತ್ತಲು ಹೋದಾಗ ಬೇಡವೆಂದು ಕೈಸನ್ನೆ ಮಾಡಿದೆ.

ಮೂರಕ್ಕೆ ಸರಿಯಾಗಿ ಬಂದರು. ಗೇಟಿನ ಹತ್ತಿರ ನಿಂತು ಜೋರಾಗಿ ಕೆಮ್ಮಿದರು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ, ನಿಧಾನವಾಗಿ, ಬಹಳ ಹೊತ್ತು ಕಾಲು ತೊಳೆಯುತ್ತಲೇ ಇದ್ದರು.