ಯಜಮಾನರು ಇದೇ ಮನೆಯಲ್ಲಿದ್ದಾರೆ

ಮನೆಯ ಒಡೆಯ ಆ ಮನೆಯಲ್ಲೇ ವಾಸವಾಗಿದ್ದರೆ ಕಂದಾಯದಲ್ಲಿ ಅರ್ಧ ರಿಯಾಯಿತಿ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಔಷಧಿ ಅಂಗಡಿಯ ಯಜಮಾನರು ಅರ್ಜಿ ಗುಜರಾಯಿಸಿಬಿಟ್ಟರು. ವಾಸ ನಿಜವೋ ಸುಳ್ಳೋ ನೋಡಲು ತೆರಿಗೆ ಇನ್‌ಸ್ಪೆಕ್ಟರು ಎರಡು ಸಲ ಬಂದಾಗಲೂ ಯಜಮಾನರು ನಾಪತ್ತೆ. (ಬೆಳಗ್ಗೆ ಹಕ್ಕಿಗಿಂತ ಮುಂಚೆ ಅಂಗಡಿಗೆ ಹೊರಟು, ಬೆಕ್ಕಿನ ಜೊತೆ ಮನೆ ಸೇರುವ ಜೀವ ಅದು.) "ಇವತ್ತೂ ಸಿಗದಿದ್ದರೆ ಅರ್ಜಿ ವಜಾ" ಎಂದು ಫೋನ್ ಬಂದ ಮೇಲೆ, ಇಸ್ತ್ರಿ ಶರ್ಟು ತೊಟ್ಟು ಹಜಾರದಲ್ಲಿ ವಿರಾಜಮಾನರಾದರು.

"ನೋಡೇ, ಇದು ಕಾನೂನಿನ ವಿಷಯ. ನೀನು ಬಾಯಿ ಬಿಡಬೇಡ. ಎಲ್ಲ ನಾನೇ ಮಾತಾಡ್ತೀನಿ."

"ನನಗೇನಂತೆ? ಬಾಯಿಗೆ ಬೀಗ ಹಾಕ್ಕೋತೀನಿ ಬಿಡಿ," ಎಂದು ಹೆಂಡತಿ ಒಗೆದ ಬಟ್ಟೆ ಮಡಚುತ್ತಾ ಕೂತಳು.

ಇನ್‌ಸ್ಪೆಕ್ಟರು ಬಂದರು. ಬೆವರು ಒರೆಸಿಕೊಂಡು, "ಸ್ವಲ್ಪ ನೀರು ಕೊಡ್ತೀರಾ ಸಾರ್?" ಎಂದರು.

ಯಜಮಾನರು ಅಡುಗೆಮನೆಗೆ ಧಾವಿಸಿದರು. ಸಾವಿರ ಮಾತ್ರೆಗಳ ನಡುವೆ ಬೇಕಾದ್ದನ್ನು ಕಣ್ಣುಮುಚ್ಚಿ ತೆಗೆಯುವ ಕೈ ಅದು. ಆದರೆ ಲೋಟ? ಒಂದು ಕಪಾಟಿನಲ್ಲಿ ಸೋಪಿನ ಪುಡಿ, ಇನ್ನೊಂದರಲ್ಲಿ ಹಳೇ ಪೇಪರು. ದೀಪಕ್ಕೆಂದು ಸ್ವಿಚ್ ಒತ್ತಿದರೆ ಮಿಕ್ಸಿ ಗರ್ರೆಂದು ಮೈಮೇಲೆ ಬಂತು. ಕೊನೆಗೆ ಗಿಡಕ್ಕೆ ನೀರುಣಿಸುವ ತಂಬಿಗೆಯಲ್ಲೇ ತಂದುಕೊಟ್ಟರು.

ಇನ್‌ಸ್ಪೆಕ್ಟರು ತಂಬಿಗೆಯನ್ನೂ ಅವರನ್ನೂ ಮೇಲಿಂದ ಕೆಳಗೆ ನೋಡಿದರು. "ನಿಜ ಹೇಳಿ ಸಾರ್. ಮನೆ ಬಾಡಿಗೆಗೆ ಕೊಟ್ಟು ನೀವು ಬೇರೆ ಕಡೆ ಇದ್ದೀರಿ, ಅಲ್ವಾ?"

"ಮದುವೆ ಆದಾಗಿಂದ ಇಲ್ಲೇ ಇದ್ದೀನಿ ಸ್ವಾಮಿ!"

"ಅಮ್ಮಾ, ಇವರು ಇಲ್ಲೇ ಇರ್ತಾರಾ?"

ಆಕೆ ದಿಂಬಿನ ಕವರನ್ನು ನೀಟಾಗಿ ಮಡಚಿ, ಗಂಡನ ಮುಖ ನೋಡಿ ನಕ್ಕಳು. ತುಟಿ ಪಿಟಕ್ಕೆನ್ನಲಿಲ್ಲ.

"ಹೇಳೇ! ಅಯ್ಯೋ, ತಪ್ಪಾಯ್ತು ತಾಯಿ, ಬಾಯಿ ಬಿಡು. ಅರ್ಧ ರಿಯಾಯಿತಿ ಕೈತಪ್ಪಿ ಹೋಗುತ್ತೆ!"

ಕಟ್ಟೆ ಒಡೆಯಿತು.

"ಇರ್ತಾರಾ ಅಂತ ಕೇಳ್ತೀರಲ್ಲ ಸಾರ್! ಒದ್ದೆ ಟವೆಲ್ಲು ಹಾಸಿಗೆ ಮೇಲೆ ಎಸೆಯೋರು ಮತ್ಯಾರು? ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಜಾಲಾಡಿಸೋರು ಯಾರು? ಬಚ್ಚಲ ನಲ್ಲಿ ತೊಟ್ಟಿಕ್ತಿದೆ ಅಂದ್ರೆ 'ನಾಳೆ ನೋಡ್ತೀನಿ' ಅಂದ್ರು. ಆ ನಾಳೆ ಹುಟ್ಟಿ, ಬೆಳೆದು, ಈಗ ಮದುವೆ ವಯಸ್ಸಿಗೆ ಬಂದಿದೆ! ಇವರ ಗೊರಕೆ ತಾಳಲಾರದೆ ಪಕ್ಕದ ಮನೆಯೋರು ಮಂಚಾನೇ ಆಚೆ ಕೋಣೆಗೆ ಸಾಗಿಸಿದ್ರು..."

ಇನ್‌ಸ್ಪೆಕ್ಟರ ಪೆನ್ನು ಓಡಿ ಓಡಿ ಸುಸ್ತಾಯಿತು. "ಸಾಕಮ್ಮಾ! ಜೊತೆಗಿಲ್ಲದ ಗಂಡನ ಮೇಲೆ ಇಷ್ಟು ತಾಜಾ ದೂರು ಯಾರಿಗೂ ಹೇಳೋಕಾಗಲ್ಲ. ವಾಸ ಸಾಬೀತು."

ಯಜಮಾನರ ಎದೆ ಉಬ್ಬಿತು. ಉಬ್ಬಿದ ಎದೆಯ ಮುಂದೆ ಕಾಗದ ಬಂತು.

"'ಮೇಲ್ಕಂಡದ್ದೆಲ್ಲ ಸತ್ಯವೆಂದು ಒಪ್ಪುತ್ತೇನೆ.' ಇಲ್ಲೊಂದು ರುಜು ಹಾಕಿ ಸಾರ್."

"ಉಳಿದದ್ದು ಹಾಳಾಗ್ಲಿ, ಆ ಗೊರಕೆ ಮಾತ್ರ ಶುದ್ಧ ಸುಳ್ಳು!"

"ಒಂದು ಸುಳ್ಳಾದ್ರೆ ಹೇಳಿಕೆಯೇ ಸುಳ್ಳು. ವಜಾ ಮಾಡ್ಲಾ?"

ಯಜಮಾನರು ಪೆನ್ನು ಕಿತ್ತುಕೊಂಡು ರುಜು ಹಾಕಿದರು. ಅದರ ಮೇಲೆ ದಪ್ಪನೆಯ ಸರ್ಕಾರಿ ಮೊಹರು ಬಿತ್ತು.

ಹೆಂಡತಿ ಬಟ್ಟೆಯ ರಾಶಿ ಪಕ್ಕಕ್ಕೆ ಸರಿಸಿ ಎದ್ದಳು. "ಸಾರ್, ಅದರದ್ದೊಂದು ಜೆರಾಕ್ಸ್ ನನಗೂ ಸಿಗುತ್ತಾ? ಮೊಹರು ಸ್ಪಷ್ಟವಾಗಿ ಕಾಣಬೇಕು. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತೀನಿ."